ಫ್ರೆಂಚ್ ತೆರೆಯ ಕಡಲು, ಶರಾವತಿಯ ಅಳಿವೆ

ಫ್ರೆಂಚ್ ಸಿನಿಮಾ ಎಂದೊಡನೆ ಪ್ಯಾರಿಸಿನ ಬೀದಿಗಳೂ ಕೆಫೆಗಳೂ, ಅಲ್ಲಿ ಕುಳಿತು ಪ್ರೇಮದ ಬಗೆಗೂ ಬದುಕಿನ ಬಗೆಗೂ ಕೊನೆಮೊದಲಿಲ್ಲದೆ ಮಾತಾಡುವ ಪಾತ್ರಗಳೂ ನೆನಪಿಗೆ ಬರುವುದು ವಾಡಿಕೆ. ಆದರೆ ಆ ದೇಶದ ಚಿತ್ರಪರಂಪರೆಯಲ್ಲಿ ರಾಜಧಾನಿಗೆ ಬೆನ್ನು ಹಾಕಿ ಕಡಲಂಚಿಗೆ ಹೋದ ಇನ್ನೊಂದು ಧಾರೆಯಿದ್ದು, ಮೀನುಗಾರರು, ಕಡಲಪಾಚಿ ಸುಡುವವರು, ಚಿಪ್ಪು ಹೆಕ್ಕುವವರು ಮತ್ತು ಹಡಗುಕಟ್ಟೆಯ ಕೆಲಸಗಾರರು ಅದರ ನಾಯಕರಾಗಿದ್ದಾರೆ. ಈ ಚಿತ್ರಗಳ ಹಳೆಯ ಪ್ರತಿಗಳು ದುರಸ್ತಿಗೊಂಡು ಡಿಜಿಟಲ್ ರೂಪದಲ್ಲಿ ಸಿಗತೊಡಗಿರುವುದರಿಂದ ಅವುಗಳನ್ನು ಯಾವ ಊರಿನಲ್ಲಾದರೂ ಕುಳಿತು ನೋಡಬಹುದಾಗಿದೆ. ಶರಾವತಿ ಕಡಲು ಸೇರುವ ಹೊನ್ನಾವರದ ದಂಡೆಯಿಂದ ನೋಡಿದಾಗ, ಸಿನಿಮಾ ಚರಿತ್ರೆಯ ಪುಸ್ತಕಗಳು ಹಿನ್ನೆಲೆಯೆಂದು ಬಗೆದು ದಾಟಿಹೋಗುವ ಸಂಗತಿಗಳೇ ಮುಂದೆ ಬಂದು ನಿಲ್ಲುತ್ತವೆ. ಕಡಲನ್ನು ದುಡಿಮೆಯ ಸ್ಥಳವಾಗಿ ತೋರಿಸಲು ಈ ನಿರ್ದೇಶಕರು ಕಂಡುಕೊಂಡ ಕ್ರಮ ಯಾವುದು, ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕರಾವಳಿಗೆ ಆ ಕ್ರಮ ಹೇಗೆ ಒದಗಬಲ್ಲುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲ ಚಿತ್ರಗಳಲ್ಲೇ ಕಡಲು

1895ರ ಡಿಸೆಂಬರ್ 28ರಂದು ಪ್ಯಾರಿಸಿನ ಗ್ರ್ಯಾಂಡ್ ಕೆಫೆಯ ನೆಲಮಾಳಿಗೆಯಲ್ಲಿ ಲ್ಯೂಮಿಯೇರ್ ಸೋದರರು ಹಣ ಪಡೆದು ನಡೆಸಿದ ಪ್ರದರ್ಶನವನ್ನು ಸಿನಿಮಾದ ಆರಂಭವೆಂದು ಗಣಿಸಲಾಗುತ್ತದೆ. ಅಂದು ತೋರಿಸಿದ, ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ ಅವಧಿಯ ಹತ್ತು ಚಿತ್ರಗಳಲ್ಲಿ ಹುಡುಗರು ಕಡಲಿಗೆ ಹಾರಿ ಈಜುವ ದೃಶ್ಯವೂ ಒಂದಾಗಿತ್ತು. ಆರು ತಿಂಗಳ ಬಳಿಕ, 1896ರ ಜುಲೈ 7ರಂದು, ಮುಂಬೈನ ವಾಟ್ಸನ್ ಹೋಟೆಲಿನಲ್ಲಿ ಭಾರತದ ಮೊದಲ ಚಲನಚಿತ್ರ ಪ್ರದರ್ಶನ ನಡೆದಾಗಲೂ ಆ ಕಡಲಸ್ನಾನದ ಚಿತ್ರ ಪಟ್ಟಿಯಲ್ಲಿತ್ತು. ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬೈ ಪ್ರಾಂತದ ಆಡಳಿತಕ್ಕೆ ಸೇರಿದ್ದುದರಿಂದ, ಚಲಿಸುವ ಚಿತ್ರ ಈ ಜಿಲ್ಲೆಯ ಅಂದಿನ ಪ್ರಾಂತೀಯ ರಾಜಧಾನಿಗೆ ಬಂದದ್ದೇ ಫ್ರಾನ್ಸಿನ ಕಡಲಿನ ತುಣುಕೊಂದರೊಂದಿಗೆ ಎನ್ನಬಹುದು.

ಅದೇ ಸೋದರರ 1895ರ ಇನ್ನೊಂದು ಚಿತ್ರದಲ್ಲಿ ಕೆಲವು ಗಂಡಸರು ದೋಣಿಗೆ ಹುಟ್ಟು ಹಾಕುತ್ತ ಬಂದರಿನಿಂದ ಹೊರಡುತ್ತಾರೆ, ಕಟ್ಟೆಯ ಮೇಲೆ ಹೆಂಗಸರೂ ಮಕ್ಕಳೂ ನಿಂತು ನೋಡುತ್ತಿರುತ್ತಾರೆ, ಕೊನೆಯ ಕ್ಷಣದಲ್ಲಿ ಎದುರಾದ ಅಲೆ ದೋಣಿಯನ್ನು ಪಕ್ಕಕ್ಕೆ ತಿರುಗಿಸುವಷ್ಟರಲ್ಲಿ ಸುರುಳಿ ಮುಗಿದುಹೋಗುತ್ತದೆ. ನದಿಯ ನೀರೂ ಕಡಲಿನ ಅಲೆಯೂ ಎದುರುಬದುರಾಗುವ ಅಳಿವೆಯನ್ನು ದೋಣಿ ದಾಟುವಾಗಿನ ಅಪಾಯವನ್ನು ಬಲ್ಲ ಹೊನ್ನಾವರದ ನೋಡುಗರಿಗೆ, ದೋಣಿ ಮುಂದೇನಾಯಿತು ಎಂಬ ಪ್ರಶ್ನೆ ಸಿನಿಮಾದ ಮೊದಲ ರೋಚಕ ಪ್ರಶ್ನೆಯಾಗಿ ಕಂಡರೆ ಅಚ್ಚರಿಯಿಲ್ಲ.

ದ್ವೀಪವಾಸಿಗಳೇ ನಟರಾದ ಚಿತ್ರಗಳು

ಕಡಲನ್ನು ಕಥೆಯ ಹಿನ್ನೆಲೆಯ ಸ್ಥಾನದಿಂದ ಮೇಲೆತ್ತಿದ ಕೀರ್ತಿ ಜ್ಯಾಂ ಎಪ್ಸ್ಟೈನ್ (1897–1953) ಅವರದು. ವಾರ್ಸಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಈ ನಿರ್ದೇಶಕ, ಪ್ಯಾರಿಸಿನ ಸ್ಟುಡಿಯೋ ಸೆಟ್ಟುಗಳಿಂದ ದೂರ ಸರಿದು ವಾಯವ್ಯ ಫ್ರಾನ್ಸಿನ ಬ್ರಿಟನಿ ಪ್ರಾಂತದ ದ್ವೀಪಗಳಿಗೆ ಹೋಗಿ 1929ರಲ್ಲಿ ‘ಫಿನಿಸ್ ಟೆರೇ’ ಎಂಬ ಮೂಕಿ ಚಿತ್ರವನ್ನು ತೆಗೆದರು. ಜನವಸತಿಯಿಲ್ಲದ ಪುಟ್ಟ ದ್ವೀಪವೊಂದರಲ್ಲಿ ಬೇಸಿಗೆಯುದ್ದಕ್ಕೂ ಬೀಡುಬಿಟ್ಟು ಕಡಲಪಾಚಿ ಕೊಯ್ದು ಒಣಗಿಸಿ ಸುಟ್ಟು ಬೂದಿ ಮಾಡುವ ನಾಲ್ವರು ಕೆಲಸಗಾರರ ಕಥೆ ಅದು. ಒಡೆದ ಬಾಟಲಿಯ ಚೂರಿನಿಂದ ಒಬ್ಬ ಯುವಕನ ಹೆಬ್ಬೆರಳು ಕೊಯ್ದು ನಂಜೇರುವುದು, ಅವನೊಡನೆ ಜಗಳವಾಡಿದ್ದ ಗೆಳೆಯನೇ ಅವನನ್ನು ದೋಣಿಯಲ್ಲಿ ಮಲಗಿಸಿಕೊಂಡು ವೈದ್ಯರಿರುವ ದ್ವೀಪದತ್ತ ಹೊರಡುವುದು, ಇವಿಷ್ಟೇ ಅದರ ಘಟನೆಗಳು. ವೃತ್ತಿನಟರು ಯಾರೂ ಇಲ್ಲದ ಈ ಚಿತ್ರದಲ್ಲಿ ದ್ವೀಪವಾಸಿಗಳೇ ಪಾತ್ರ ವಹಿಸಿದ್ದಾರೆ. ಪಾಚಿಯ ರಾಶಿಯನ್ನು ಹೊರುವ, ಹೊಗೆಯಲ್ಲಿ ಕಣ್ಣು ಕಿರಿದು ಮಾಡುವ, ದೋಣಿಯ ಹಗ್ಗ ಎಳೆಯುವ ಅವರ ಮೈಯ ಅಭ್ಯಾಸವನ್ನು ಯಾವ ನಟನೂ ಕೆಲವು ದಿನಗಳ ತಾಲೀಮಿನಲ್ಲಿ ಕಲಿಯಲಾರನೆಂಬ ತಿಳಿವಳಿಕೆ ಈ ಆಯ್ಕೆಯ ಹಿಂದಿದೆ.

ಎಪ್ಸ್ಟೈನ್ ಮತ್ತು ಅವರ ಸಮಕಾಲೀನರು ‘ಫೋಟೊಜೆನಿ’ ಎಂಬ ಪರಿಕಲ್ಪನೆಯನ್ನು ಬಳಸುತ್ತಿದ್ದರು. ಬರಿಗಣ್ಣಿಗೆ ಸಾಮಾನ್ಯವೆನಿಸುವ ವಸ್ತು ಅಥವಾ ಮುಖ ಚಲಿಸುವ ಚಿತ್ರದಲ್ಲಿ ಮೂಡಿದಾಗ ಪಡೆದುಕೊಳ್ಳುವ ಹೆಚ್ಚಿನ ಜೀವಂತಿಕೆ ಎಂಬುದು ಅದರ ಸ್ಥೂಲ ಅರ್ಥ. 1947ರಲ್ಲಿ ಅವರು ತೆಗೆದ, ಇಪ್ಪತ್ತೆರಡು ನಿಮಿಷಗಳ ‘ಲ ತಾಂಪೆಸ್ತೇರ್’ ಈ ಪರಿಕಲ್ಪನೆಯನ್ನು ಶಬ್ದಕ್ಕೂ ವಿಸ್ತರಿಸಿತು. ಮೀನು ಹಿಡಿಯಲು ಹೋದ ತನ್ನ ಹುಡುಗನಿಗಾಗಿ ಕಳವಳಪಡುವ ತರುಣಿಯೊಬ್ಬಳು ಬಿರುಗಾಳಿಯನ್ನು ಪಳಗಿಸಬಲ್ಲ ಮುದುಕನ ಬಳಿಗೆ ಹೋಗುವ ಈ ಕಥೆಯಲ್ಲಿ ಅಲೆಗಳ ಚಲನೆಯನ್ನೂ ಗಾಳಿಯ ಸದ್ದನ್ನೂ ನಿಧಾನಗೊಳಿಸಲಾಗಿದೆ. ಹಾಗೆ ನಿಧಾನಿಸಿದಾಗ ಒಂದೇ ಸಮನೆ ಮೊರೆಯುತ್ತಿದ್ದ ಕಡಲಿನ ಸದ್ದು ಬೇರೆಬೇರೆ ಸ್ವರಗಳಾಗಿ ಬಿಡಿಬಿಡಿಯಾಗಿ ಕೇಳಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಕರ್ನಾಟಕದ ಕರಾವಳಿಯಲ್ಲಿ, ದೋಣಿಗಳು ದಡ ಸೇರಿ ಕಡಲಿನ ಸದ್ದೊಂದೇ ಉಳಿಯುವ ಆ 61 ದಿನಗಳನ್ನು ಚಿತ್ರಿಸಬಯಸುವವರಿಗೆ ಈ ಕಿರುಚಿತ್ರ ಒಂದು ಪಠ್ಯವಾಗಬಲ್ಲದು.

ವಾರ್ದಾ ಅವರ ಕೇರಿ, ಅಘನಾಶಿನಿಯ ಬಳಚು

ಈ ಧಾರೆಯ ಅತ್ಯಂತ ಮುಖ್ಯ ಹೆಸರು ಅನ್ಯೆಸ್ ವಾರ್ದಾ (1928–2019) ಅವರದು. ಬ್ರಸೆಲ್ಸ್‌ನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ಕಾಲವನ್ನು ದಕ್ಷಿಣ ಫ್ರಾನ್ಸಿನ ಬಂದರು ಪಟ್ಟಣವಾದ ಸೆತ್‌ನಲ್ಲಿ ಕಳೆದ ಈ ಛಾಯಾಗ್ರಾಹಕಿ, ಸಿನಿಮಾ ತಯಾರಿಕೆಯ ಯಾವ ಅನುಭವವೂ ಇಲ್ಲದೆ 1954ರಲ್ಲಿ ಅದೇ ಊರಿನ ಮೀನುಗಾರರ ಕೇರಿಗೆ ಹೋಗಿ ‘ಲಾ ಪ್ವಾಂತ್ ಕುರ್ತ್’ ಚಿತ್ರವನ್ನು ತೆಗೆದರು. ‘ಹೊಸ ಅಲೆ’ ಎಂದು ಹೆಸರಾದ, ದೊಡ್ಡ ಸ್ಟುಡಿಯೋಗಳನ್ನು ಬಿಟ್ಟು ಕಡಿಮೆ ಖರ್ಚಿನಲ್ಲಿ ಹೊರಾಂಗಣದಲ್ಲಿ ಚಿತ್ರ ತೆಗೆದ ಫ್ರೆಂಚ್ ಯುವ ನಿರ್ದೇಶಕರ ಚಳವಳಿ ಆರಂಭವಾಗುವುದಕ್ಕೆ ಕೆಲವು ವರ್ಷಗಳ ಮೊದಲೇ ಬಂದ ಈ ಚಿತ್ರದಲ್ಲಿ ಎರಡು ಎಳೆಗಳಿವೆ: ಒಂದು, ದಾಂಪತ್ಯ ಮುರಿಯುವ ಹಂತದಲ್ಲಿರುವ ಗಂಡಹೆಂಡಿರ ಮಾತುಕತೆ, ಇನ್ನೊಂದು, ಕೇರಿಯ ಮೀನುಗಾರರ ದಿನಚರಿ. ಮೊದಲನೆಯದನ್ನು ಇಬ್ಬರು ರಂಗನಟರು ಅಭಿನಯಿಸಿದ್ದರೆ ಎರಡನೆಯದರಲ್ಲಿ ಕೇರಿಯವರು ತಾವಾಗಿಯೇ ಕಾಣಿಸಿಕೊಳ್ಳುತ್ತಾರೆ. ಚಿತ್ರವನ್ನು ಸಂಕಲಿಸಿದ ಅಲೆನ್ ರೆನೆ ಮುಂದೆ ತಾವೂ ಹೆಸರಾಂತ ನಿರ್ದೇಶಕರಾದರು.

ವಿಮರ್ಶಕರು ಹೆಚ್ಚಾಗಿ ಗಂಡಹೆಂಡಿರ ಎಳೆಯನ್ನೇ ಚರ್ಚಿಸಿದ್ದರೂ ಕರಾವಳಿಯ ಪ್ರೇಕ್ಷಕರನ್ನು ಹಿಡಿದು ನಿಲ್ಲಿಸುವುದು ಎರಡನೆಯ ಎಳೆ. ಹಿನ್ನೀರಿನ ಒಂದು ಭಾಗದ ನೀರು ಕಲುಷಿತವಾಗಿದೆಯೆಂದು ಸರಕಾರ ಅಲ್ಲಿ ಚಿಪ್ಪುಮೀನು ಹಿಡಿಯುವುದನ್ನು ನಿಷೇಧಿಸಿದೆ. ಬೇರೆ ಆದಾಯವಿಲ್ಲದ ಕೇರಿಯವರು ಕದ್ದುಮುಚ್ಚಿ ಹಿಡಿಯುತ್ತಾರೆ. ತಪಾಸಣೆಗೆ ಬಂದ ಅಧಿಕಾರಿಯ ಸುದ್ದಿ ಮನೆಯಿಂದ ಮನೆಗೆ ಹಬ್ಬುತ್ತದೆ. ನೀರಿನ ಗುಣ, ಕಾನೂನು ಮತ್ತು ಹೊಟ್ಟೆಪಾಡುಗಳ ಈ ಮುಖಾಮುಖಿ ಉತ್ತರ ಕನ್ನಡದ ಎರಡು ಅಳಿವೆಗಳ ಕಥೆಯೂ ಆಗಿದೆ. ಕುಮಟಾ ತಾಲೂಕಿನ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲದ ಕಾರಣ ಸಿಹಿನೀರೂ ಉಪ್ಪುನೀರೂ ಋತುಮಾನಕ್ಕೆ ತಕ್ಕಂತೆ ಏರಿಳಿದು, ಅದರ ಅಳಿವೆಯಲ್ಲಿ ಬಳಚು ಎಂದು ಕರೆಯುವ ಚಿಪ್ಪುಮೀನು ಹೇರಳವಾಗಿ ಬೆಳೆಯುತ್ತದೆ. ನೀರಿಳಿದ ಹೊತ್ತಿನಲ್ಲಿ ಅದನ್ನು ಹೆಕ್ಕಿ ಮಾರುವುದು ಸುತ್ತಲಿನ ಹಳ್ಳಿಗಳ ಅನೇಕ ಕುಟುಂಬಗಳ, ವಿಶೇಷವಾಗಿ ಹೆಂಗಸರ, ಜೀವನೋಪಾಯವಾಗಿದೆ. 2024ರಲ್ಲಿ ಈ ಅಳಿವೆ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಾದ ರಾಮ್‌ಸಾರ್ ಪಟ್ಟಿಗೆ ಸೇರಿತು. ಶರಾವತಿಯ ಪರಿಸ್ಥಿತಿ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ವಿದ್ಯುತ್ ಉತ್ಪಾದನೆಗಾಗಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲಿಯೂ ಹರಿದುಬರುತ್ತಿರುವುದರಿಂದ ಹೊನ್ನಾವರದ ಅಳಿವೆಯ ಉಪ್ಪಿನಂಶ ತಗ್ಗಿತು, ಅದರೊಂದಿಗೆ ಚಿಪ್ಪುಮೀನಿನ ಸಮೃದ್ಧಿಯೂ ಕುಗ್ಗಿತು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಅಧ್ಯಯನಗಳು ತೋರಿಸಿವೆ. ನೆರೆಯ ಎರಡು ತಾಲೂಕುಗಳ ಎರಡು ನದಿಗಳು ಹೀಗೆ ಒಂದೇ ಪ್ರಶ್ನೆಗೆ ಎರಡು ಉತ್ತರಗಳಂತಿರುವಾಗ, ಅವನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಲು ವಾರ್ದಾ ಅವರ ಎರಡೆಳೆಯ ರಚನೆಗಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

2000ದಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ವಾರ್ದಾ ಒಂದು ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದು ‘ಲೆ ಗ್ಲಾನರ್ ಎ ಲಾ ಗ್ಲಾನ್ಯೂಸ್’ ಎಂಬ ಸಾಕ್ಷ್ಯಚಿತ್ರವನ್ನು ತೆಗೆದರು. ಕೊಯ್ಲು ಮುಗಿದ ಹೊಲದಲ್ಲಿ ಉಳಿದುದನ್ನು ಆಯ್ದುಕೊಳ್ಳುವ, ಕನ್ನಡದ ರೈತರು ಹಕ್ಕಲಾಯುವುದು ಎನ್ನುವ, ಹಳೆಯ ಹಕ್ಕೇ ಅದರ ವಸ್ತು. ಯಂತ್ರಗಳು ಬಿಟ್ಟುಹೋದ ಆಲೂಗಡ್ಡೆಯನ್ನು, ಪೇಟೆಯ ಸಂತೆ ಮುಗಿದ ಮೇಲೆ ಬಿದ್ದಿರುವ ತರಕಾರಿಯನ್ನು ಆಯುವವರ ಜತೆಗೆ, ನ್ವಾರ್ಮುತಿಯೆ ದ್ವೀಪದಲ್ಲಿ ಬಿರುಗಾಳಿಯ ನಂತರ ಸಾಕಣೆಯ ಪಾತಿಗಳಿಂದ ಕಿತ್ತುಬಂದ ಸಿಂಪಿಗಳನ್ನು ಹೆಕ್ಕುವವರೂ ಇದರಲ್ಲಿದ್ದಾರೆ. ಪಾತಿಯಿಂದ ಎಷ್ಟು ದೂರದಲ್ಲಿ ಹೆಕ್ಕಬಹುದು, ಒಬ್ಬರು ಎಷ್ಟು ಕಿಲೋ ಒಯ್ಯಬಹುದು ಎಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಲೆಕ್ಕ ಹೇಳುತ್ತಾರೆ. ಇನ್ನೊಂದು ದೃಶ್ಯದಲ್ಲಿ ಕಪ್ಪು ನಿಲುವಂಗಿ ತೊಟ್ಟ ವಕೀಲರೊಬ್ಬರು ಹೊಲದ ನಡುವೆ ನಿಂತು ಹಕ್ಕಲಿನ ಕಾನೂನನ್ನು ಓದಿ ಹೇಳುತ್ತಾರೆ. ಅಳಿವೆಯ ಕೆಸರು, ಕಡಲದಂಡೆಯ ಮರಳು, ಒಣಮೀನು ಹರಡುವ ಬಯಲು ಮುಂತಾದ, ದಾಖಲೆಯಲ್ಲಿ ಯಾರ ಹೆಸರಿಗೂ ಇಲ್ಲದೆ ರೂಢಿಯಲ್ಲಿ ಎಲ್ಲರದೂ ಆಗಿರುವ ಜಾಗಗಳ ಹಕ್ಕಿನ ಪ್ರಶ್ನೆಯನ್ನು ಭಾಷಣವಿಲ್ಲದೆ, ನಗುವಿಗೂ ಎಡೆಯಿಟ್ಟು ಹೇಗೆ ಕೇಳಬಹುದೆಂಬುದಕ್ಕೆ ಈ ಚಿತ್ರ ನಿದರ್ಶನವಾಗಿದೆ.

ನೀರಿನಡಿಯ ಕ್ಯಾಮೆರಾ ಮತ್ತು ನೇತ್ರಾಣಿ

ಫ್ರೆಂಚ್ ಸಾಕ್ಷ್ಯಚಿತ್ರಗಳಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚು ಪ್ರಸಿದ್ಧಿ ಪಡೆದವುಗಳಲ್ಲೊಂದು ಜಾಕ್ ಕೂಸ್ತೊ ಮತ್ತು ಲೂಯಿ ಮಾಲ್ ನಿರ್ದೇಶಿಸಿದ ‘ಮೌನ ಜಗತ್ತು’. 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಪಡೆದ ಈ ಚಿತ್ರ, ನೀರಿನಡಿಯ ಲೋಕವನ್ನು ಬಣ್ಣದಲ್ಲಿ ತೋರಿಸಿ ಪ್ರೇಕ್ಷಕರನ್ನು ಬೆರಗುಗೊಳಿಸಿತು. ಅದಕ್ಕೆ ಆಧಾರವಾದದ್ದು ಕೂಸ್ತೊ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾಂ 1943ರಲ್ಲಿ ರೂಪಿಸಿದ, ಮುಳುಗುಗಾರನ ಉಸಿರಿಗೆ ತಕ್ಕಷ್ಟೇ ಗಾಳಿಯನ್ನು ಸಿಲಿಂಡರಿನಿಂದ ಬಿಡುವ ‘ಆಕ್ವಾಲಂಗ್’ ಸಾಧನ. ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮುಳುಗು ಹಾಕುವ ಇಂದಿನ ಪ್ರವಾಸಿಗರು ಬೆನ್ನಿಗೆ ಕಟ್ಟಿಕೊಳ್ಳುವುದು ಇದೇ ತತ್ತ್ವದ ಸಾಧನವನ್ನು.

ಈಗ ಈ ಚಿತ್ರವನ್ನು ನೋಡುವಾಗ ಬೆರಗಿನೊಂದಿಗೆ ಕಸಿವಿಸಿಯೂ ಆಗುತ್ತದೆ. ಮೀನಿನ ಜಾತಿಗಳನ್ನು ಎಣಿಸಲು ತಂಡದವರು ಹವಳದ ದಿಬ್ಬದಲ್ಲಿ ಡೈನಮೈಟ್ ಸಿಡಿಸುತ್ತಾರೆ. ಹಡಗಿನ ಚಕ್ರಕ್ಕೆ ಸಿಲುಕಿದ ತಿಮಿಂಗಿಲದ ಮರಿಯನ್ನು ತಿನ್ನಲು ಬಂದ ಶಾರ್ಕುಗಳನ್ನು ಆವೇಶದಿಂದ ಕೊಲ್ಲುತ್ತಾರೆ. ಕೂಸ್ತೊ ಮುಂದಿನ ದಶಕಗಳಲ್ಲಿ ಕಡಲ ಸಂರಕ್ಷಣೆಯ ದೊಡ್ಡ ಪ್ರತಿಪಾದಕರಾದರೂ, ಪ್ರೀತಿಯಿಂದ ನೋಡುವ ಕಣ್ಣೂ ನೋಡಿದ್ದನ್ನು ಹಾಳುಮಾಡಬಹುದೆಂಬುದಕ್ಕೆ ಚಿತ್ರವೇ ದಾಖಲೆಯಾಗಿ ಉಳಿದಿದೆ. ಹವಳವೂ ಬಣ್ಣಬಣ್ಣದ ಮೀನುಗಳೂ ಇರುವ ನೇತ್ರಾಣಿಯನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದುದನ್ನು ಜೀವವಿಜ್ಞಾನಿಗಳು ಆಕ್ಷೇಪಿಸಿದ್ದ ಹಿನ್ನೆಲೆಯಲ್ಲಿ, ಈ ದೃಶ್ಯಗಳನ್ನು ಈ ಭಾಗದ ನೋಡುಗರು ದೂರದ ಕಾಲದ ವಿಲಕ್ಷಣ ವರ್ತನೆಯೆಂದು ತಳ್ಳಿಹಾಕಲಾರರು.

ನೋಡುವ ಕಣ್ಣಿನ ಹೊಣೆಯ ಈ ಪ್ರಶ್ನೆ ಮಾಲ್ ಅವರಿಗೆ ಭಾರತದಲ್ಲಿ ಮತ್ತೆ ಎದುರಾಯಿತು. 1968ರಲ್ಲಿ ಒಬ್ಬ ಛಾಯಾಗ್ರಾಹಕ, ಒಬ್ಬ ಧ್ವನಿಗ್ರಾಹಕನೊಂದಿಗೆ ದೇಶ ಸುತ್ತಿ ತೆಗೆದ ಏಳು ಭಾಗಗಳ ‘ಲಾಂದ್ ಫಾಂತೋಮ್’ (1969) ಸರಣಿಯ ಮೊದಲ ಭಾಗಕ್ಕೆ ಅವರು ಕೊಟ್ಟ ಹೆಸರೇ ಕ್ಯಾಮೆರಾದ ಅಸಾಧ್ಯತೆಯನ್ನು ಸೂಚಿಸುವಂಥದು. ತಮ್ಮನ್ನು ದಿಟ್ಟಿಸುತ್ತ ನಿಂತ ಹಳ್ಳಿಗರ ನೋಟವನ್ನು ಕತ್ತರಿಸಿ ತೆಗೆಯದೆ, ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು ಎಂಬ ಇಕ್ಕಟ್ಟನ್ನೇ ಅವರು ಚಿತ್ರದ ವಸ್ತುವಾಗಿಸಿದರು. ಬಡತನವನ್ನೇ ತೋರಿಸಲಾಗಿದೆಯೆಂದು ಭಾರತ ಸರಕಾರ ಈ ಸರಣಿಯನ್ನು ಪ್ರತಿಭಟಿಸಿ, ಅದನ್ನು ಪ್ರಸಾರ ಮಾಡಿದ ಬಿಬಿಸಿಯ ದೆಹಲಿ ಕಚೇರಿಯನ್ನು ಕೆಲಕಾಲ ಮುಚ್ಚಿಸಿತು.

ಬಂದರು, ನೀಲಿ ಬಾವುಟ, ಗೋಡೆಯ ಮೇಲಿನ ಮುಖಗಳು

ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ‘ನೀಲಿ ಬಾವುಟ’ ಮಾನ್ಯತೆ ದೊರೆಯಿತು. ನೀರಿನ ಶುದ್ಧತೆ, ಸುರಕ್ಷತೆ, ಸೌಕರ್ಯಗಳನ್ನು ಪರಿಶೀಲಿಸಿ ಕೊಡುವ ಈ ಅಂತರರಾಷ್ಟ್ರೀಯ ಮಾನ್ಯತೆ ಹುಟ್ಟಿದ್ದು 1985ರ ಫ್ರಾನ್ಸಿನಲ್ಲಿ ಎಂಬುದು ಕುತೂಹಲಕರ ಸಂಗತಿ. ಅದೇ ಕಾಸರಕೋಡಿನ ಟೊಂಕದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಒಣಮೀನಿನ ಕೆಲಸ ನಡೆಯುತ್ತದೆ, ಮತ್ತು ಅಲ್ಲಿಯೇ ಉದ್ದೇಶಿಸಲಾದ ಖಾಸಗಿ ವಾಣಿಜ್ಯ ಬಂದರನ್ನು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದಾರೆ. ಪ್ರವಾಸಿಯ ಕಡಲು, ವ್ಯಾಪಾರದ ಕಡಲು, ಮೀನುಗಾರರ ಕಡಲು ಎಂಬ ಮೂರು ಒಂದೇ ಊರಿನ ಮರಳಿನ ಮೇಲೆ ಎದುರುಬದುರಾಗಿರುವ ಇಂಥ ಸನ್ನಿವೇಶವನ್ನು ಡ್ರೋನಿನಿಂದ ತೆಗೆದ ಪ್ರವಾಸೋದ್ಯಮದ ವಿಡಿಯೊಗಳು ಹಿಡಿಯಲಾರವು. ಎತ್ತರದಿಂದ ನೋಡಿದಾಗ ದಂಡೆಯ ಮೇಲೆ ಮನುಷ್ಯರೇ ಕಾಣುವುದಿಲ್ಲ.

ವಾರ್ದಾ ಅವರು ಜೆಆರ್ ಎಂಬ ಯುವ ಕಲಾವಿದನೊಂದಿಗೆ ತೆಗೆದ ‘ವಿಸಾಜ್ ವಿಲಾಜ್’ (2017) ಈ ಕೊರತೆಗೆ ನೇರ ಉತ್ತರದಂತಿದೆ. ಊರೂರಿಗೆ ವ್ಯಾನಿನಲ್ಲಿ ಹೋಗಿ ಜನರ ಭಾವಚಿತ್ರ ತೆಗೆದು, ಆಳೆತ್ತರಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಮುದ್ರಿಸಿ ಅವರದೇ ಊರಿನ ಗೋಡೆಗಳಿಗೆ ಅಂಟಿಸುವುದು ಇದರ ವಿಧಾನ. ಲ ಹಾವ್ರ್ ಬಂದರಿನಲ್ಲಿ ಅವರು ಹಡಗುಕಟ್ಟೆಯ ಕೆಲಸಗಾರರ ಹೆಂಡಂದಿರ ಪೂರ್ಣಾಕೃತಿಯ ಚಿತ್ರಗಳನ್ನು ಪೇರಿಸಿಟ್ಟ ಸರಕು ಕಂಟೇನರುಗಳ ಮೇಲೆ ಮೂಡಿಸಿದರು. ಗಂಡಸರದೆಂದು ಎಣಿಸಲಾದ ಬಂದರಿನಲ್ಲಿ ಹೆಂಗಸರು ಅತ್ಯಂತ ಎತ್ತರದ ಆಕೃತಿಗಳಾದರು. ಬಂದರಿನಲ್ಲಿ ಮೀನು ಹರಾಜು ಹಿಡಿಯುವ, ಬುಟ್ಟಿ ಹೊತ್ತು ಮನೆಮನೆಗೆ ಮಾರುವ, ಒಣಗಿಸಿ ಮಳೆಗಾಲಕ್ಕೆ ಕಾಪಿಡುವ ಹೆಂಗಸರಿಲ್ಲದೆ ಉತ್ತರ ಕನ್ನಡದ ಮೀನುಗಾರಿಕೆಯೇ ಇಲ್ಲವಾದರೂ, ಈ ಕರಾವಳಿಯ ಚಿತ್ರಗಳಲ್ಲಿ ಬಲೆ ಬೀಸುವ ಗಂಡಸೇ ಮೀನುಗಾರಿಕೆಯ ಸಂಕೇತವಾಗಿ ಉಳಿದಿದ್ದಾನೆ.

ಹಣ ಎಲ್ಲಿಂದ, ಚಿತ್ರ ಯಾರದು

ಇಂಥ ಚಿತ್ರಗಳು ಫ್ರಾನ್ಸಿನಲ್ಲಿ ಬಾಳಿ ಬದುಕಿರುವುದಕ್ಕೆ ಅಲ್ಲಿನ ವ್ಯವಸ್ಥೆಯೂ ಕಾರಣ. 1946ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಿನಿಮಾ ಕೇಂದ್ರವು, ಯಾವ ದೇಶದ ಚಿತ್ರವೇ ಆಗಿರಲಿ, ಮಾರಾಟವಾದ ಪ್ರತಿ ಟಿಕೆಟಿನ ಮೇಲೆ ಶೇ 10.72ರಷ್ಟು ತೆರಿಗೆ ಸಂಗ್ರಹಿಸಿ ಚಿತ್ರ ನಿರ್ಮಾಣಕ್ಕೆ ಮರಳಿ ಹೂಡುತ್ತದೆ. ಹಾಗಾಗಿ ಹಾಲಿವುಡ್ಡಿನ ಗಳಿಕೆಯ ಒಂದು ಪಾಲೂ ಸ್ಥಳೀಯ ಚಿತ್ರಗಳಿಗೆ ಒದಗುತ್ತದೆ. ವಿದೇಶಿ ನಿರ್ದೇಶಕರಿಗೂ ತೆರೆದಿರುವ ಅಲ್ಲಿನ ನಿಧಿಗಳಿಂದಾಗಿ ಭಾರತ–ಫ್ರಾನ್ಸ್ ಸಹನಿರ್ಮಾಣದ ಚಿತ್ರಗಳು ಹೆಚ್ಚಿವೆ. ಪಾಯಲ್ ಕಪಾಡಿಯಾ ಅವರ ಸಾಕ್ಷ್ಯಚಿತ್ರ ‘ಎ ನೈಟ್ ಆಫ್ ನೋಯಿಂಗ್ ನಥಿಂಗ್’ 2021ರಲ್ಲಿ ಕಾನ್‌ನ ಅತ್ಯುತ್ತಮ ಸಾಕ್ಷ್ಯಚಿತ್ರ ಪ್ರಶಸ್ತಿ ಪಡೆದರೆ, ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ 2024ರಲ್ಲಿ ಅದೇ ಉತ್ಸವದ ಎರಡನೆಯ ದೊಡ್ಡ ಪ್ರಶಸ್ತಿಯಾದ ಗ್ರಾಂ ಪ್ರಿ ಗಳಿಸಿತು. ಎರಡನೆಯ ಚಿತ್ರದ ಉತ್ತರಾರ್ಧ, ಮುಂಬೈ ಬಿಟ್ಟು ಊರಿಗೆ ಮರಳುವ ಅಡುಗೆ ಕೆಲಸದ ಹೆಂಗಸಿನೊಂದಿಗೆ ರತ್ನಾಗಿರಿಯ ಕಡಲತಡಿಗೆ ಬರುತ್ತದೆ. ಕೊಂಕಣ ರೈಲಿನ ಹಳಿ ರತ್ನಾಗಿರಿಯಿಂದ ದಕ್ಷಿಣಕ್ಕೆ ಸಾಗಿ, ಆ ಮಾರ್ಗದ ಅತಿ ಉದ್ದದ ಸೇತುವೆಯಲ್ಲಿ ಹೊನ್ನಾವರದ ಶರಾವತಿಯನ್ನು ದಾಟುತ್ತದೆ. ಕೆಂಪುಕಲ್ಲಿನ ಗೋಡೆ, ಇಳಿಜಾರು ಮಾಡು, ಮುಂಬೈಗೆ ದುಡಿಯಲು ಹೋದವರ ಖಾಲಿ ಮನೆಗಳ ಆ ಭೂದೃಶ್ಯ ಈ ಭಾಗದ ಪ್ರೇಕ್ಷಕರಿಗೆ ಹೊಸದಲ್ಲ.

ಕನ್ನಡ ಸಿನಿಮಾ ಈ ಹಾದಿಯಲ್ಲಿ ಹೆಜ್ಜೆಯಿಟ್ಟಿಲ್ಲವೆಂದಲ್ಲ. ಗಿರೀಶ ಕಾಸರವಳ್ಳಿಯವರ ‘ದ್ವೀಪ’, ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ, ಅಣೆಕಟ್ಟಿನ ನೀರೇರುತ್ತಿದ್ದರೂ ಗುಡ್ಡ ಬಿಡದ ಕುಟುಂಬವೊಂದರ ಮೂಲಕ ಮುಳುಗಡೆಯ ಸಂಕಟವನ್ನು ಕಟ್ಟಿಕೊಟ್ಟಿತು. ವೈದೇಹಿಯವರ ಕಥೆಯಿಂದ ಹುಟ್ಟಿದ ಅವರ ‘ಗುಲಾಬಿ ಟಾಕೀಸು’ (2008), ಕುಂದಾಪುರ ಭಾಗದ ಮೀನುಗಾರರ ಊರಿನಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿಯ ಮನೆಗೆ ಟಿ.ವಿ. ಬಂದಾಗ ಆಗುವ ಪಲ್ಲಟವನ್ನೂ, ಸಣ್ಣ ದೋಣಿಗಳಿಗೂ ದೊಡ್ಡ ಬೋಟುಗಳಿಗೂ ನಡುವಣ ಕಲಹ ಕೋಮು ಬಣ್ಣ ಪಡೆಯುವುದನ್ನೂ ಒಟ್ಟಿಗೆ ಹೆಣೆಯಿತು. ಉತ್ತರ ಕನ್ನಡದ ಮಲೆನಾಡಿನವರೇ ಆದ ನಟೇಶ್ ಹೆಗಡೆ ‘ಪೆದ್ರೊ’ (2021) ಚಿತ್ರದಲ್ಲಿ ತಮ್ಮ ತಂದೆ ಗೋಪಾಲ ಹೆಗಡೆಯವರನ್ನೇ ಮುಖ್ಯ ಪಾತ್ರಕ್ಕೆ ಆರಿಸಿ, ಮಳೆ ಹಿಡಿದ ಹಳ್ಳಿಯ ವಿದ್ಯುತ್ ಕೆಲಸಗಾರನೊಬ್ಬ ಆ ಹಳ್ಳಿಗೇ ಹೊರಗಿನವನಾಗುವುದನ್ನು ತೋರಿಸಿದರು. ಅವರ ‘ವಾಘಾಚಿಪಾಣಿ’ 2025ರಲ್ಲಿ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗವನ್ನು ತಲುಪಿತು. ‘ಪೆದ್ರೊ’ದಲ್ಲಿ ಕಂಬ ಹತ್ತುವ, ಟಾರ್ಚು ಹಿಡಿದು ನಡೆಯುವ ಗೋಪಾಲ ಹೆಗಡೆಯವರ ಮೈಯ ಅಭ್ಯಾಸ ಎಪ್ಸ್ಟೈನರ ದ್ವೀಪವಾಸಿಗಳದರಷ್ಟೇ ನಂಬಿಕೆಗೆ ಅರ್ಹವಾಗಿದೆ. ‘ದ್ವೀಪ’ ಮತ್ತು ‘ಪೆದ್ರೊ’ ಎರಡೂ ಘಟ್ಟದ ಮೇಲಿನ ಚಿತ್ರಗಳು; ಮೇಲೆ ಊರು ಮುಳುಗಿಸಿದ ಅದೇ ನೀರು ಕೆಳಗೆ ಅಳಿವೆಯ ಉಪ್ಪನ್ನು ತೊಳೆದ ಕಥೆಗೆ ಕನ್ನಡದಲ್ಲಿ ಒಂದು ದೊಡ್ಡ ಚಿತ್ರ ಇನ್ನೂ ಬೇಕಾಗಿದೆ.

ಅದಕ್ಕೆ ಬೇಕಾದ ಸಲಕರಣೆ ಈಗ ದುಬಾರಿಯಲ್ಲ, ವಾರ್ದಾ ಬಳಸಿದ ಕ್ಯಾಮೆರಾಕ್ಕಿಂತ ಉತ್ತಮವಾದುದು ಇಂದು ಮೊಬೈಲಿನಲ್ಲಿಯೇ ಇದೆ. ಕೊರತೆಯಿರುವುದು ನೋಡುವ ತರಬೇತಿಯಲ್ಲಿ ಮತ್ತು ಒಂದೇ ಜಾಗದಲ್ಲಿ ಋತುಗಳುದ್ದಕ್ಕೂ ನಿಲ್ಲುವ ತಾಳ್ಮೆಯಲ್ಲಿ. ಗೇರುಸೊಪ್ಪೆಯ ಘಟ್ಟ ಹತ್ತಿದರೆ ಸಿಗುವ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೇತೃತ್ವದ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಪ್ರೇಕ್ಷಕರ ಮುಂದಿಟ್ಟು, ಅವುಗಳನ್ನು ಕನ್ನಡದಲ್ಲಿಯೇ ಚರ್ಚಿಸಬಹುದೆಂದು ತೋರಿಸಿಕೊಟ್ಟಿತು. ಮೀನುಗಾರಿಕೆ ನಿಂತಿರುವ ಮಳೆಗಾಲದ ಎರಡು ತಿಂಗಳಲ್ಲಿ ಹೊನ್ನಾವರ, ಕುಮಟಾ, ಭಟ್ಕಳಗಳ ಕಾಲೇಜುಗಳು ಮತ್ತು ಮೀನುಗಾರರ ಸಂಘಗಳು ಸೇರಿ ಇಂಥದೊಂದು ಪ್ರದರ್ಶನ ಸರಣಿಯನ್ನು ನಡೆಸಿ, ‘ಲಾ ಪ್ವಾಂತ್ ಕುರ್ತ್’ ಮತ್ತು ‘ಗುಲಾಬಿ ಟಾಕೀಸು’ಗಳನ್ನು ಒಂದೇ ಸಂಜೆ ತೋರಿಸುವುದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ. ಹೆಸರಾಂತ ಚಿತ್ರಗಳಲ್ಲಿ ದೋಣಿಯ ಹಗ್ಗ ಕಟ್ಟಿದ ರೀತಿ ಸರಿಯೇ, ಬಲೆ ಎಳೆಯುವವನ ಕಾಲು ಸರಿಯಾದ ಜಾಗದಲ್ಲಿದೆಯೇ ಎಂದು ತಪ್ಪು ಹಿಡಿಯಬಲ್ಲ ಪ್ರೇಕ್ಷಕರು ಈ ಕರಾವಳಿಯಲ್ಲಿರುವುದರಿಂದ, ಆ ಚರ್ಚೆಯಿಂದ ಹುಟ್ಟುವ ವಿಮರ್ಶೆ ಪುಸ್ತಕಗಳ ವಿಮರ್ಶೆಗಿಂತ ಹೆಚ್ಚು ನಿಖರವಾಗಿರುವ ಸಂಭವವಿದೆ. ಮುಂದೆ ಈ ಅಳಿವೆಗಳ ಚಿತ್ರ ತೆಗೆಯುವವರು ಉತ್ತರ ಹೇಳಬೇಕಾಗಿರುವುದೂ ಮೊದಲಿಗೆ ಆ ಪ್ರೇಕ್ಷಕರಿಗೇ.